ಟವೆಲ್ ಕೆಳಗಿನ ತೈವಾನ್

ಸಂತೆಹೊಸೂರಿನಲ್ಲಿ ಆ ಸೋಮವಾರ ನಡೆದ ರಾದ್ಧಾಂತಕ್ಕೆಲ್ಲ ಕಾರಣ ನಾಲ್ಕಾಣೆ ಕಡಲೆಕಾಯಿ.

ಪಂಚಾಯ್ತಿ ಸೆಕ್ರೆಟರಿ ಪಂಚಾಕ್ಷರಪ್ಪ ಬೀರೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕಡಲೆಕಾಯಿ ಕೊಂಡ. ಕಾಯಿ ಮುಗಿದ ಮೇಲೆ ಬೇರೆ ಯಾರೇ ಆಗಿದ್ದರೂ ಪೊಟ್ಟಣವನ್ನು ಹಳಿಗೆ ಎಸೆದು ಕೈ ಝಾಡಿಸುತ್ತಿದ್ದರು. ಪಂಚಾಕ್ಷರಪ್ಪ ಬಿ.ಎ. ಓದಿದವನು, ಅದೂ ಅರ್ಥಶಾಸ್ತ್ರ. ಅಕ್ಷರ ಕಂಡರೆ ಬಿಡುವವನಲ್ಲ. ಹೆಸರಿನಲ್ಲೇ ಐದು ಅಕ್ಷರ ಇಟ್ಟುಕೊಂಡವನು. ಸಂಬಳದಲ್ಲಿ ಮಾತ್ರ ಮೂರೇ ಅಂಕಿ.

ಪೊಟ್ಟಣ ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಇಂಗ್ಲೆಂಡಿನಲ್ಲಿ ಹಿಂದೆ ಕಿಟಕಿ ಎಣಿಸಿ ಮನೆ ಕಂದಾಯ ಹಾಕುತ್ತಿದ್ದರಂತೆ. ಜನ ಕಿಟಕಿಗೆ ಇಟ್ಟಿಗೆ ತುಂಬಿ ಕತ್ತಲಲ್ಲಿ ಕೂತರಂತೆ. ಹಾಲೆಂಡಿನಲ್ಲಿ ಮನೆಯ ಮುಂಭಾಗದ ಅಗಲ ಅಳೆಯುತ್ತಿದ್ದರಂತೆ. ಜನ ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ ಮನೆ ಕಟ್ಟಿಕೊಂಡರಂತೆ. ಇನ್ನೊಂದು ದೇಶದಲ್ಲಿ ಮಾತ್ರ ಒಂದು ಜಾಣ ಉಪಾಯ: ಆಸ್ತಿಯ ಬೆಲೆಯನ್ನು ಮಾಲೀಕನೇ ಹೇಳಬೇಕು, ಅದರ ಮೇಲೆ ಕಂದಾಯ. ಜಾಸ್ತಿ ಹೇಳಿದರೆ ಕಂದಾಯ ಜಾಸ್ತಿ. ಕಮ್ಮಿ ಹೇಳಿದರೆ ಅದೇ ಬೆಲೆಗೆ ಸರ್ಕಾರ ಕೊಂಡುಬಿಡಬಹುದು! ಅದು ಯಾವ ದೇಶ ಎಂದು ನೋಡುವಷ್ಟರಲ್ಲಿ ಹಾಳೆ ಮುಗಿದಿತ್ತು. ಉಳಿದರ್ಧ ಇನ್ಯಾರದೋ ಕಡಲೆಕಾಯಿಯ ಜೊತೆ ಹೋಗಿತ್ತು.

ಪಂಚಾಕ್ಷರಪ್ಪನ ತಲೆಯಲ್ಲಿ ದೀಪ ಹತ್ತಿತು. ಆ ದೀಪದ ಬೆಳಕು ನೇರವಾಗಿ ಬಿದ್ದದ್ದು ಅವನ ಬಾಡಿಗೆ ಮನೆಯ ಮೇಲೆ.

ಆ ಮನೆಯ ಕತೆ ಊರಿಗೆಲ್ಲ ಗೊತ್ತು. ಎಣ್ಣೆಮಿಲ್ ಶಿವಮೂರ್ತಪ್ಪ ತನ್ನ ಎರಡಂತಸ್ತಿನ ಮನೆಯ ಹಿಂದಿದ್ದ ದನದ ಕೊಟ್ಟಿಗೆಗೆ ಹೆಂಚು ಹೊದಿಸಿ, ನೆಲಕ್ಕೆ ಗಾರೆ ಹಾಕಿ, ಬಾಗಿಲಿಟ್ಟು ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆ ಮನೆಯದು, ಕಂದಾಯದ ಪುಸ್ತಕದಲ್ಲಿ ಮಾತ್ರ ಅದು ಇಂದಿಗೂ ‘ದನದ ಕೊಟ್ಟಿಗೆ’. ಒಮ್ಮೆ ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡು ಆ ವಿಷಯ ಎತ್ತಿದಾಗ, ಶಿವಮೂರ್ತಪ್ಪ ತನ್ನ ಮೂಗಿನ ರಾಗದಲ್ಲಿ, "ಹ್ಞೂಂ, ಬದಲಾಯಿಸಪ್ಪಾ, ಧಾರಾಳವಾಗಿ ಬದಲಾಯಿಸು. ನಾನೂ ಬಾಡಿಗೆ ಬದಲಾಯಿಸ್ತೀನಿ. ನ್ಯಾಯ ಅಲ್ವೇನಪ್ಪಾ?" ಎಂದಿದ್ದ. ಅಲ್ಲಿಗೆ ಕೊಟ್ಟಿಗೆ ಕೊಟ್ಟಿಗೆಯಾಗಿಯೇ ಉಳಿಯಿತು.

ಪಂಚಾಕ್ಷರಪ್ಪನ ಹೆಂಡತಿ ಮಲ್ಲಿಕಾಂಬಳಿಗೆ ಅದೆಲ್ಲ ಬೇಕಿರಲಿಲ್ಲ. ಅವಳ ದುಃಖ ಒಂದು ಮೊಳೆಯದು. ಗೋಡೆ ಹಾಳಾಗುತ್ತದೆಂದು ಶಿವಮೂರ್ತಪ್ಪ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಸುತ್ತಿಗೆಯ ಸದ್ದು ಕೇಳಿದರೆ ಸಾಕು, ಊಟದ ಎಂಜಲು ಕೈಯಲ್ಲೇ ಓಡಿಬರುತ್ತಿದ್ದ. ಹೀಗಾಗಿ ಮದುವೆಯಾದಾಗಿನಿಂದ ಆ ಮನೆಯಲ್ಲಿ ಕ್ಯಾಲೆಂಡರ್ ಅಕ್ಕಿ ಡಬ್ಬಕ್ಕೆ ಒರಗಿ ಕೂತಿರುತ್ತಿತ್ತು. ಏಕಾದಶಿ ನೋಡಬೇಕಾದರೂ ಮಲ್ಲಿಕಾಂಬ ನೆಲಕ್ಕೆ ಬಗ್ಗಬೇಕು.

"ಸ್ವಂತ ಗೋಡೆಗೆ ಒಂದು ಮೊಳೆ ಹೊಡೆದು ಸತ್ರೆ ಸಾಕು ಕಣ್ರೀ," ಎನ್ನುತ್ತಿದ್ದಳು.

ಆ ವರ್ಷ, ಅಂದರೆ ಎಂಬತ್ತನಾಲ್ಕರಲ್ಲಿ, ದೇಶದ ಮನೆ ಕಂದಾಯವನ್ನು ಹೊರದೇಶ ನೋಡಿ ತಿದ್ದಬೇಕೆಂದು ದೆಹಲಿಯಲ್ಲಿ ಒಂದು ಸಮಿತಿ ಕೂತಿತ್ತು. ಕೂತ ಸಮಿತಿಯನ್ನು ಎಬ್ಬಿಸಿದವನು ಪಂಚಾಕ್ಷರಪ್ಪ. ಪೊಟ್ಟಣದ ಉಪಾಯವನ್ನು ಬರೆದು ಕಳಿಸುವಾಗ ಸಣ್ಣದೊಂದು ತಿದ್ದುಪಡಿ ಮಾಡಿದ: ಹೇಳಿದ ಬೆಲೆಗೆ ಸರ್ಕಾರ ಮಾತ್ರವಲ್ಲ, ಊರಿನ ಯಾರು ಬೇಕಾದರೂ ಕೊಳ್ಳಬಹುದು. ಯಾರು ಬೇಕಾದರೂ ಎಂದರೆ ಯಾರು ಎಂಬುದು ಮಲ್ಲಿಕಾಂಬಳಿಗೆ ಮಾತ್ರ ಗೊತ್ತಿತ್ತು. ಸೋಮವಾರ ಸಮಿತಿಯ ಸದಸ್ಯರೊಬ್ಬರು ಬರುತ್ತಾರೆ, ನಿಮ್ಮೂರಲ್ಲೇ ಪ್ರಯೋಗ ಮಾಡಿ ತೋರಿಸಿ ಎಂದು ಅಪ್ಪಣೆಯಾಯಿತು.

"ಅಲ್ರೀ, ಶಿವಮೂರ್ತಪ್ನೋರು ಈ ಮನೆಗೆ ಕೊಟ್ಟಿಗೆ ಬೆಲೇನೇ ಹೇಳ್ತಾರೆ ಅಂತ ಏನು ನಂಬಿಕೆ?" ಸೋಮವಾರ ಬೆಳಗ್ಗೆ ಮಲ್ಲಿಕಾಂಬ ಕೇಳಿದಳು.

"ಲೇ, ಆ ಮನುಷ್ಯ ಉಗುರು ಕತ್ತರಿಸಿದ್ರೂ ಗೊಬ್ಬರಕ್ಕೆ ಎತ್ತಿಡೋನು. ಕಂದಾಯ ಉಳಿಸಕ್ಕೆ ಎರಡು, ಹೆಚ್ಚಂದ್ರೆ ಎರಡೂವರೆ ಸಾವಿರ ಅಂತಾನೆ. ಅವನು ಉಸಿರು ಬಿಡೋದ್ರೊಳಗೆ ನಾನು ಕೊಂಡ್ಬಿಟ್ಟಿರ್ತೀನಿ."

ಮಲ್ಲಿಕಾಂಬಳ ಎರಡೆಳೆ ಸರ ಹಿಂದಿನ ದಿನವೇ ಬೀರೂರಿನ ಗಿರವಿ ಅಂಗಡಿ ಸೇರಿತ್ತು. ಹಣ ಪಂಚಾಕ್ಷರಪ್ಪನ ಒಳಜೇಬಿನಲ್ಲಿ ಎದೆಬಡಿತಕ್ಕೆ ತಾಳ ಹಾಕುತ್ತಿತ್ತು.

"ಸರ ಹೋದ್ರೆ ಹೋಗ್ಲಿ, ಮೊಳೆ ಬಂದ್ರೆ ಸಾಕು," ಎಂದು ಅವಳು ಸುತ್ತಿಗೆಗೆ ಅರಿಸಿನ ಕುಂಕುಮ ಹಚ್ಚಿ ಇಟ್ಟಳು.

ಸೋಮವಾರ ಸಂತೆಯ ದಿನ. ಪಂಚಾಯ್ತಿ ಕಟ್ಟಡದ ಮಗ್ಗುಲಲ್ಲೇ ದನದ ಸಂತೆ. ಶಿವಮೂರ್ತಪ್ಪ ಒಂದೇ ಓಡಾಟದಲ್ಲಿ ಎರಡು ಕೆಲಸ ಮುಗಿಸಲೆಂದು ತನ್ನ ಎಮ್ಮೆ ಗೌರಿಯನ್ನೂ ಮಾರಲು ಹೊಡೆದುಕೊಂಡು ಬಂದಿದ್ದ. ಗೌರಿ ಹೆಸರಿಗೆ ಮಾತ್ರ ಗೌರಿ. ಹಾಲು ಕರೆಯಲು ಕೂತವರ ಪಾಲಿಗೆ ಚಾಮುಂಡಿ. ಊರಿನ ಅರ್ಧ ಜನರ ಮೊಣಕಾಲಿನಲ್ಲಿ ಅವಳ ಗೊರಸಿನ ರುಜು ಇತ್ತು. ದನದ ದಳ್ಳಾಳಿ ಬೀರಯ್ಯ ಅವಳನ್ನು ಪಂಚಾಯ್ತಿ ಜಗಲಿಯ ಕಂಬಕ್ಕೇ ಕಟ್ಟಿಹಾಕಿ, "ಆಫೀಸ್ ಮುಂದೆ ನಿಂತ್ರೆ ಎಮ್ಮೆಗೂ ಒಂದು ಗತ್ತು ಬತ್ತದೆ ಕಣ್ರಪ್ಪಾ," ಎಂದ.

ಹತ್ತು ಗಂಟೆಗೆ ಜೀಪಿನಿಂದ ಸಮಿತಿಯ ಸದಸ್ಯರಾದ ಬಸವರಾಜಪ್ಪನವರು ಇಳಿದರು. ಅವರು ಆಗತಾನೇ ಹೊರದೇಶ ಸುತ್ತಿ ಬಂದಿದ್ದರು. ಕಾಲು ಇಲ್ಲಿದ್ದರೂ ನಾಲಿಗೆ ಇನ್ನೂ ವಿಮಾನದಲ್ಲಿತ್ತು.

"ವೆರಿ ಗುಡ್, ವೆರಿ ಗುಡ್! ಯು ಸೀ ಸೆಕ್ರೆಟರಿ, ನಿಮ್ಮ ಐಡಿಯಾ ತೈವಾನಿನದು. ನಾನು ಹಾಲೆಂಡಲ್ಲಿದ್ದಾಗ ಒಬ್ಬರು ಹೇಳಿದ್ರು. ಇಂಗ್ಲೆಂಡಿನಲ್ಲಿ ಹಿಂದೆ ಏನಾಗಿತ್ತು ಗೊತ್ತಾ? ಕಿಟಕಿ ಲೆಕ್ಕ!"

"ಕಿಟಕಿ ಲೆಕ್ಕ ಆದ್ರೆ ನಂದು ಸೊನ್ನೆ ಬರ್ಕಳಿ ಸ್ವಾಮಿ," ಎಂದಳು ಮುಂದೆ ಕೂತಿದ್ದ ಕೆಳಗೇರಿಯ ದುರ್ಗಮ್ಮ. "ನಮ್ ಮನೇಲಿ ಬೆಳಕು ಸೂರಿಂದ್ಲೇ ಬತ್ತದೆ. ಮಳೆನೂ ಅಲ್ಲಿಂದ್ಲೇ."

ಜನ ಘೊಳ್ಳೆಂದಿತು. ದುರ್ಗಮ್ಮನ ಹುಲ್ಲಿನ ಮನೆಗೂ ಶಿವಮೂರ್ತಪ್ಪನ ಎರಡಂತಸ್ತಿಗೂ ಆ ಊರಲ್ಲಿ ಹೆಚ್ಚುಕಮ್ಮಿ ಒಂದೇ ಕಂದಾಯ. ತೆರಿಗೆ ಎಂದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಆದ್ದರಿಂದ ಕೆಳಗೇರಿಗೆ ನಲ್ಲಿ ಹಾಕಿಸಲು ಪಂಚಾಯ್ತಿಯಲ್ಲಿ ಕಾಸೂ ಇರುತ್ತಿರಲಿಲ್ಲ. ದುರ್ಗಮ್ಮನಂಥವರು ಕೆರೆಯಿಂದ ನೀರು ಹೊತ್ತು ಹೊತ್ತು ಕುತ್ತಿಗೆ ಮೋಟು ಮಾಡಿಕೊಂಡಿದ್ದರು.

ಪಂಚಾಕ್ಷರಪ್ಪ ನಿಯಮ ಓದಿದ. "ಬೆಲೆ ನೀವೇ ಹೇಳ್ಬೇಕು. ಆ ಬೆಲೆಗೆ ಯಾರಾದ್ರೂ ಬಂದ್ರೆ ಮಾರಲ್ಲ ಅನ್ನಂಗಿಲ್ಲ. ವ್ಯಾಪಾರ ಕುದುರೋಕೆ ಮುಂಚೆ ಬೇಕಾದ್ರೆ ಬೆಲೆ ಏರಿಸ್ಬೌದು. ಕುದುರಿದ ಮೇಲೆ ಕೊಟ್ಟೋನೂ ವಾಪಸ್ ಕೇಳಂಗಿಲ್ಲ, ಕೊಂಡೋನೂ ವಾಪಸ್ ಕೊಡಂಗಿಲ್ಲ!" ಕೊನೆಯ ಮಾತನ್ನು ಶಿವಮೂರ್ತಪ್ಪನ ಮುಖ ನೋಡಿಯೇ, ಎರಡು ಸಲ ಓದಿದ.

ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದುಕೊಂಡರು.

"ಮನೆ ಬೆಲೆ ಬಾಯಿಬಿಟ್ಟು ಹೇಳಿದ್ರೆ ಮನೆದೇವ್ರು ಎದ್ದು ಹೋಗ್ತಾನೆ ಸ್ವಾಮಿ," ಎಂದರು ಒಬ್ಬರು ಮುದುಕರು.

"ದೇವ್ರ ಮಾತಿರ್ಲಿ, ಬೀಗ್ರು ಕೇಳಿಸ್ಕಂತಾರೆ!" ಹಿಂದಿನಿಂದ ಯಾರೋ ಕೂಗಿದರು.

ತೈವಾನ್ ಅಲ್ಲಿಗೇ ಮುಳುಗುತ್ತಿತ್ತು. ಅದನ್ನು ಎತ್ತಿದವನು ಬೀರಯ್ಯ. ಹೆಗಲ ಮೇಲಿನ ಟವೆಲ್ಲನ್ನು ಕೊಡವಿ, "ಇಷ್ಟೇನಾ? ನಮ್ ಸಂತೇಲಿ ಎಷ್ಟು ದನ ಕೈ ಬದಲಾಯಿಸ್ತಾವೆ, ಬೆಲೆ ಯಾರ ಕಿವಿಗಾದ್ರೂ ಬಿದ್ದೈತಾ? ಟವಲ್ ಮುಚ್ಕಂಡು ನನ್ ಕೈ ಒತ್ತಿ. ಬೆರಳಿಗೆ ಸಾವಿರ, ಅರ್ಧ ಬೆರಳಿಗೆ ಐನೂರು. ಟವಲ್ ಕೆಳಗೆ ಕೈ ಇರೋಗಂಟ ಬಾಯಿ ಬಂದ್. ಅಂಗೈಗೆ ಅಂಗೈ ಕೂಡ್ತಾ, ವ್ಯಾಪಾರ ಮುಗೀತು," ಎಂದ.

ಬಸವರಾಜಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ವಂಡರ್‌ಫುಲ್! ಇಂಥದ್ದು ಹಾಲೆಂಡಲ್ಲೂ ಇಲ್ಲ!"

ಮೊದಲು ಕೈ ನೀಡಿದವಳು ದುರ್ಗಮ್ಮ. ನೀಡಿದ್ದು ಗುಟ್ಟಾಗಿ, ಹೇಳಿದ್ದು ಗಟ್ಟಿಯಾಗಿ: "ಒಂದ್ ಬೆರಳು ಕಣಪ್ಪಾ. ಅದೇ ನಮ್ ಕೇರಿಗೆ ನಲ್ಲಿ ಬಂದ್ರೆ ನನ್ ಮನೆ ಎರಡ್ ಬೆರಳು. ಹಂಗೇ ಬರ್ಕಳಿ. ಎರಡಕ್ಕೂ ಕಂದಾಯ ಕೊಡ್ತೀನಿ, ನೀರು ಬರ್ಲಿ."

ಬಸವರಾಜಪ್ಪನವರು ಹಾಲೆಂಡನ್ನು ಅರ್ಧಕ್ಕೇ ಬಿಟ್ಟು ಪೆನ್ನು ತೆಗೆದು ಅದನ್ನು ಅವಳು ಹೇಳಿದಂತೆಯೇ ಬರೆದುಕೊಂಡರು.

ಮುಂದಿನ ಕೈ ಶಿವಮೂರ್ತಪ್ಪನದು. ಎರಡಂತಸ್ತು, ತೇಗದ ಬಾಗಿಲು, ಮೊಸಾಯಿಕ್ ನೆಲ. ಎಲ್ಲಕ್ಕೂ ಸೇರಿ ಅವನು ಒತ್ತಿದ್ದು ಮೂರು ಬೆರಳು. ಮುಖದಲ್ಲಿ ಹರಕೆ ತೀರಿಸಿದ ಭಕ್ತಿ. ಅವನು ಕೈ ತೆಗೆಯುವ ಮೊದಲೇ ಟವೆಲ್ಲಿನ ಆಚೆ ಬದಿಯಿಂದ ಇನ್ನೊಂದು ಕೈ ನುಗ್ಗಿತು. ಅದು ಅವನ ದೊಡ್ಡಪ್ಪನ ಮಗ ಸೋಮಶೇಖರಪ್ಪನದು. ನಡುಗೋಡೆಯ ಮೇಲೆ ವಾಲಿದ ಒಂದು ತೆಂಗಿನ ಮರದ ಸಲುವಾಗಿ ಇಬ್ಬರಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮಾತಿಲ್ಲದ ವ್ಯಾಪಾರ ಅವರಿಗೆಂದೇ ಹೇಳಿ ಮಾಡಿಸಿದಂತಿತ್ತು.

"ಗಿರಾಕಿ ಬಂದ್ರು!" ಎಂದು ಜನ ಕೂಗಿತು.

ಶಿವಮೂರ್ತಪ್ಪನ ಮುಖ ಹಿಂಡಿದ ಕೊಬ್ಬರಿಯಂತಾಯಿತು. ದಾಯಾದಿ ತನ್ನ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿ, ತನ್ನ ತೇಗದ ಬಾಗಿಲಿಗೆ ಸುಣ್ಣದ ಬೆರಳು ಒರೆಸುವ ಚಿತ್ರ ಕಣ್ಣ ಮುಂದೆ ಬಂತು. ಐದು ಬೆರಳು ಒತ್ತಿದ. ಆಚೆ ಕೈ ಅಲುಗಲಿಲ್ಲ. ಹತ್ತು ಮಾಡಿದ. ಅಲುಗಲಿಲ್ಲ. ಟವೆಲ್ಲಿನೊಳಗೆ ಎರಡು ಹೆಗ್ಗಣ ಬಿದ್ದಂತೆ ಗುದ್ದಾಟ. ಅಂತೂ ನಲವತ್ತು ಸಾವಿರ ಮುಟ್ಟಿದಾಗ ಸೋಮಶೇಖರಪ್ಪ ಕೈ ಎಳೆದುಕೊಂಡು ಮೀಸೆಯಡಿ ನಕ್ಕ. ಮರುಕ್ಷಣ ಅವನ ಮನೆಯ ಸರದಿ. ಆಗ ಶಿವಮೂರ್ತಪ್ಪನ ಕೈ ಒಳಗೆ ಹೋಯಿತು. ನಗು ಬೇರೆ ಮೀಸೆಗೆ ವರ್ಗವಾಯಿತು.

ಆಮೇಲೆ ಇಡೀ ಊರಿಗೆ ದಾರಿ ತಿಳಿಯಿತು. ಅಣ್ಣನ ಬೆಲೆಗೆ ತಮ್ಮ, ತಮ್ಮನ ಬೆಲೆಗೆ ವಾರಗಿತ್ತಿಯ ಅಣ್ಣ. ಯಾರೂ ಮನೆ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ. ಬೆಲೆ ಮಾತ್ರ ಗಾಳಿಪಟದಂತೆ ಮೇಲೇರಿ, ಕೊನೆಗೆ ನಿಜವಾದ ಬೆಲೆಗೇ ಬಂದು ನಿಂತಿತು.

"ಸೆಕ್ರೆಟರಿ, ಬೇರೆ ದೇಶದಲ್ಲಿ ಈ ಕೆಲಸಕ್ಕೆ ಸಾವಿರಾರು ಇನ್‌ಸ್ಪೆಕ್ಟರ್ ಬೇಕು!" ಎಂದರು ಬಸವರಾಜಪ್ಪನವರು.

"ನಮಗೆ ದಾಯಾದಿ ಸಾಕು ಸಾರ್," ಎಂದ ಪಂಚಾಕ್ಷರಪ್ಪ. ಅಂದ ಮೇಲೆ ಅವನಿಗೇ ಚಳಿ ಹತ್ತಿತು. ಶಿವಮೂರ್ತಪ್ಪನ ಹಿಂದಿನ ಮನೆ, ಅಂದರೆ ತಾನು ಬಾಡಿಗೆಗಿರುವ ಕೊಟ್ಟಿಗೆ, ಇನ್ನೂ ಬಾಕಿ ಇದೆ. ಸೋಮಶೇಖರಪ್ಪ ಅದಕ್ಕೂ ಕೈ ಹಾಕಿದರೆ ಕೊಟ್ಟಿಗೆ ಅರಮನೆಯಾಗುತ್ತದೆ! ಕೂಡಲೇ ಪುಸ್ತಕವನ್ನು ಬಸವರಾಜಪ್ಪನವರ ಕೈಗೆ ಕೊಟ್ಟು, "ಒಂದೈದು ನಿಮಿಷ ಸಾರ್," ಎಂದು ಸೋಮಶೇಖರಪ್ಪನ ತೋಳು ಹಿಡಿದು ಎದುರಿನ ಹೋಟೆಲಿಗೆ ಎಳೆದೊಯ್ದ.

ಸೋಮಶೇಖರಪ್ಪನಿಗೆ ಪುಕ್ಕಟೆ ಕಾಫಿಯೆಂದರೆ ಮಠದ ಕರ್ತೃ ಗದ್ದುಗೆಯ ತೀರ್ಥ. ಸಾಸರಿಗೆ ಸುರಿದು, ಆರಿಸಿ, ಮತ್ತೆ ಲೋಟಕ್ಕೆ ಸುರಿದು, "ವಡೆ ಬಿಸಿ ಇದಾವೇನೋ?" ಎಂದು ಕೇಳಿ, ತೆಂಗಿನ ಮರದ ಕತೆಯನ್ನು ಅದರ ಮೊಳಕೆಯಿಂದ ಆರಂಭಿಸಿದ.

"ಆ ಮರ ನೆಟ್ಟೋರು ನಮ್ ಮುತ್ತಜ್ಜ ಕಣಪ್ಪಾ ಪಂಚಾಕ್ಷರಿ. ಈಗ ಕೇಳು..."

"ಕೇಳ್ತಾ ಇದೀನಿ, ಬೇಗ ಹೇಳಿ!"

"ಮರ ಬೇಗ ಬೆಳೀತದೇನೋ?"

ಮರ ಫಲಕ್ಕೆ ಬರುವ ಹೊತ್ತಿಗೆ ಕಿಟಕಿಯಿಂದ ಪಂಚಾಕ್ಷರಪ್ಪನ ಕಣ್ಣಿಗೆ ಬಿತ್ತು: ಪಂಚಾಯ್ತಿಯ ಕಂಬದ ಬಳಿ ಶಿವಮೂರ್ತಪ್ಪ, ಬೀರಯ್ಯ, ನಡುವೆ ಟವೆಲ್! ವಡೆಯನ್ನೂ ದಾಯಾದಿಯನ್ನೂ ಬಿಟ್ಟು, ಹೋಟೆಲಿನವನಿಗೆ "ಬರ್ಕೋ!" ಎಂದು ಕೂಗಿ, ಪಂಚೆ ಎತ್ತಿಕಟ್ಟಿ ಓಡಿದ. ಜನರ ನಡುವೆ ನುಗ್ಗಿ, ಅಡ್ಡ ನಿಂತಿದ್ದ ಎಮ್ಮೆಯ ಬೆನ್ನಿಗೆ ಒರಗಿ ಏದುಸಿರು ಬಿಡುತ್ತಾ ಟವೆಲ್ಲಿನೊಳಗೆ ಕೈ ತೂರಿಸಿದ.

ಬೀರಯ್ಯ ಹುಬ್ಬು ಹಾರಿಸಿದ. ಬಾಯಿ ಬಂದ್; ಕೈ ಮಾತ್ರ ಮಾತಾಡಿತು. ಎರಡು ಬೆರಳು. ಆಮೇಲೆ ಅರ್ಧ ಬೆರಳು.

ಎರಡೂವರೆ! ಬೆಳಗ್ಗೆ ತಾನು ಹೇಳಿದ್ದು, ಹೇಳಿದ ಹಾಗೇ! ಜುಗ್ಗ ಕೊನೆಗೂ ಜುಗ್ಗನೇ. ಪಂಚಾಕ್ಷರಪ್ಪ ಅಂಗೈಗೆ ಅಂಗೈ ಕೂಡಿಸಿ, ಬೀರಯ್ಯನ ಕೈಮೂಳೆ ಲಟಕ್ಕೆನ್ನುವಂತೆ ಅದುಮಿದ.

"ಬಸವಣ್ಣನಾಣೆ, ಮುಗೀತು!" ಬೀರಯ್ಯ ಟವೆಲ್ ಹಾರಿಸಿದ. ಒಳಜೇಬಿನ ಹಣ ಶಿವಮೂರ್ತಪ್ಪನ ಕೈ ಸೇರಿತು. ದೂರದಲ್ಲಿ ಎಳನೀರು ಕುಡಿಯುತ್ತಿದ್ದ ಬಸವರಾಜಪ್ಪನವರು ಚಪ್ಪಾಳೆ ತಟ್ಟಿದರು. ಶಿವಮೂರ್ತಪ್ಪ ಹಲ್ಲು ಪೂರಾ ಬಿಟ್ಟು ನಗುತ್ತಿದ್ದ. ಮನೆ ಕಳೆದುಕೊಂಡವನು ಹೀಗೆ ನಗುತ್ತಾನೆಯೇ ಎಂಬ ಅನುಮಾನ ಪಂಚಾಕ್ಷರಪ್ಪನಿಗೆ ಬರುವಷ್ಟರಲ್ಲಿ ಅವನ ಕೈಗೆ ಒಂದು ಹಗ್ಗ ಬಂತು.

"ಇದೇನು? ಬೀಗದ ಕೈ ಎಲ್ಲಿ?"

"ಎಮ್ಮೆಗೆ ಬೀಗ ಹಾಕ್ತಾರೇನಪ್ಪಾ?" ಎಂದ ಶಿವಮೂರ್ತಪ್ಪ.

ಪಂಚಾಕ್ಷರಪ್ಪ ಹಗ್ಗದ ಗುಂಟ ಕಣ್ಣು ಹಾಯಿಸಿದ. ಹಗ್ಗದ ಆ ತುದಿಯಲ್ಲಿ, ಇಷ್ಟು ಹೊತ್ತೂ ತಾನು ಒರಗಿ ನಿಂತಿದ್ದ ಗೌರಿ ಮೆಲುಕು ಹಾಕುತ್ತಾ ಅವನನ್ನೇ ನೋಡುತ್ತಿದ್ದಳು.

"ಅಯ್ಯೋ! ನಾನು ಕೈ ಹಾಕಿದ್ದು ಮನೆಗೆ! ಹಿಂದಿನ ಮನೆಗೆ!"

"ಅದು ಆಗ್ಲೇ ಆಯ್ತಲ್ಲಪ್ಪಾ. ನೀನೂ ಆ ಸೋಮನೂ ಕಾಫಿಗೆ ಹೋದ್ರಿ. ಸೆಕ್ರೆಟ್ರಿ ದಾಯಾದಿಗೆ ಕಾಫಿ ಕುಡಿಸ್ತಾನೆ ಅಂದ್ರೆ ಏನೋ ಮಸಲತ್ತು ಅಂತ ನನಗೆ ಗೊತ್ತಾಗಲ್ವೇನಪ್ಪಾ? ಅವನು ಬರೋದ್ರೊಳಗೆ ಓಡಿಹೋಗಿ ಹಿಂದಿನ ಮನೆಗೆ ಹದಿನೈದು ಸಾವಿರ ಒತ್ತಿ ಬರೆಸ್ದೆ. ಆಮೇಲೆ ಎಮ್ಮೆ ವ್ಯಾಪಾರಕ್ಕೆ ನಿಂತೆ. ನೀನು ಬಂದೆ. ನಮ್ ಗೌರಿ ಪುಣ್ಯ."

"ಬೀರಯ್ಯಾ, ಹೇಳಬಾರದೇನೋ!"

"ಟವಲ್ ಕೆಳಗೆ ಕೈ ಇರೋಗಂಟ ಬಾಯಿ ಬಂದ್ ಅಲ್ವಾ ಸಾಮಿ? ನಾನೂ ಅಂದ್ಕಂಡೆ, ಸೆಕ್ರೆಟ್ರಿಗೆ ಈ ಎಮ್ಮೆ ಯಾಕಪ್ಪಾ ಅಂತ. ಹುಬ್ಬು ಹಾರಿಸ್ದೆ. ನೀವು ನೋಡ್ಲಿಲ್ಲ."

"ವಾಪಸ್ ತಗೊಳ್ಳಿ ಶಿವಮೂರ್ತಪ್ನೋರೇ..."

"ಕೊಂಡೋನೂ ವಾಪಸ್ ಕೊಡಂಗಿಲ್ಲ," ಶಿವಮೂರ್ತಪ್ಪ ಪಂಚಾಕ್ಷರಪ್ಪನದೇ ದನಿಯಲ್ಲಿ, ಎರಡು ಸಲ ಹೇಳಿದ. "ಅಂದಹಾಗೆ, ಹಿಂದಿನ ಮನೆ ಕಂದಾಯ ಏರ್ತಲ್ಲ, ಮುಂದಿನ ತಿಂಗ್ಳಿಂದ ಬಾಡಿಗೆನೂ ಏರ್ತದೆ. ನ್ಯಾಯ ಅಲ್ವೇನಪ್ಪಾ?"

ಪಂಚಾಕ್ಷರಪ್ಪ ಬಸವರಾಜಪ್ಪನವರ ಕಡೆ ತಿರುಗಿದ. ಅವರು ಎಳನೀರು ಕೆಳಗಿಟ್ಟು ನಿಟ್ಟುಸಿರಿಟ್ಟರು. "ಮಾಲೀಕನ ಮೇಲೆ ಹಾಕಿದ್ದು ಬಾಡಿಗೆದಾರನ ತಲೆಗೆ ಇಳಿಯೋದು ಎಲ್ಲ ಕಡೆಯೂ ಇದ್ದದ್ದೇ ಸೆಕ್ರೆಟರಿ. ಅದಕ್ಕೆ ಮದ್ದು ನಾನೂ ಹುಡುಕ್ತಾ ಇದೀನಿ."

ಎಮ್ಮೆ ಮ್ಞೇ ಎಂದಿತು.

ಸಂಜೆಯ ಹೊತ್ತಿಗೆ ಸಂತೆಹೊಸೂರಿನ ಹೊಸ ಕಂದಾಯ ಹಳೆಯದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಬಸವರಾಜಪ್ಪನವರು ಬಹಳ ಖುಷಿಯಲ್ಲಿದ್ದರು. "ಇಷ್ಟು ಬಂದರೆ ಕೆಳಗೇರಿಗೆ ಪೈಪು ಎಳೆಯೋಕೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಯುಗಾದಿ ಒಳಗೆ ನಲ್ಲಿ ಬರಬೇಕು, ನಾನೇ ಬಂದು ನೋಡ್ತೀನಿ!" ಎಂದಾಗ ದುರ್ಗಮ್ಮ, "ಬನ್ನಿ ಸ್ವಾಮಿ, ನಲ್ಲಿ ನೀರಲ್ಲೇ ಪಾನಕ ಮಾಡ್ಕೊಡ್ತೀನಿ. ಆಮೇಲೆ ಎರಡ್ ಬೆರಳು!" ಎಂದು ಕೈ ಎತ್ತಿ ತೋರಿಸಿದಳು. ಊರು ಚಪ್ಪಾಳೆ ತಟ್ಟಿತು. ತನ್ನ ಉಪಾಯಕ್ಕೆ ಬಿದ್ದ ಆ ಚಪ್ಪಾಳೆಯನ್ನು ಕೇಳಲು ಪಂಚಾಕ್ಷರಪ್ಪ ಅಲ್ಲಿರಲಿಲ್ಲ. ಅವನು ಎಮ್ಮೆ ಹೊಡೆದುಕೊಂಡು ಮನೆಗೆ ಹೋಗಿದ್ದ.

ಮಲ್ಲಿಕಾಂಬ ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಗಂಡನನ್ನು ನೋಡಿದಳು. ಎಮ್ಮೆಯನ್ನು ನೋಡಿದಳು. ಮೊಳೆ ಬಾಯಿಂದ ಕೆಳಗೆ ಬಿತ್ತು.

"ಮನೆ ಎಲ್ಲಿ ರೀ?"

"ಮನೆ ಅಲ್ಲೇ ಇದೆ ಕಣೇ. ಜೊತೆಗೆ ಇದೊಂದು..."

ಹೊರಗೆ ಕಟ್ಟಲು ಜಾಗವಿರಲಿಲ್ಲ. ಅಂಗಳ ಶಿವಮೂರ್ತಪ್ಪನ ಕೊಬ್ಬರಿ ಒಣಗಿಸುವ ರಾಜ್ಯ. ಗೌರಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಹುಟ್ಟಿದ ಮನೆಯ ವಾಸನೆ ಹಿಡಿದು, ಮಲ್ಲಿಕಾಂಬಳನ್ನು ಸರಿಸಿ, ನಡುಮನೆಗೆ ನುಗ್ಗಿ ನಿಂತಳು.

ಅಷ್ಟರಲ್ಲಿ ಬಸವರಾಜಪ್ಪನವರೇ ಬಂದರು, ಹಿಂದೆ ಶಿವಮೂರ್ತಪ್ಪ. ಪುಸ್ತಕ ತಿರುವುತ್ತಾ ಅವರಿಗೆ ಒಂದು ಕಡೆ ಕಣ್ಣು ಸಿಕ್ಕಿಕೊಂಡಿತ್ತು. "ದನದ ಕೊಟ್ಟಿಗೆ, ಬೆಲೆ ಹದಿನೈದು ಸಾವಿರ! ಕೊಟ್ಟಿಗೆಗೆ ಇಷ್ಟೊಂದಾ? ನಾನು ಕಣ್ಣಾರೆ ನೋಡಬೇಕು," ಎನ್ನುತ್ತಾ ಒಳಗೆ ಕತ್ತು ಚಾಚಿದರು. ನಡುಮನೆಯಲ್ಲಿ ಗೌರಿ ಸೊಂಪಾಗಿ ಸಗಣಿ ಹಾಕುತ್ತಿದ್ದಳು.

"ಬುದ್ಧಿಯೋರು ನೋಡ್ಬೇಕು," ಶಿವಮೂರ್ತಪ್ಪ ತಟಕ್ಕನೆ ಮೂಗಿನ ರಾಗ ಎತ್ತಿದ. "ಕೊಟ್ಟಿಗೆ ಅಲ್ವೇ? ದಾಯಾದಿ ಗಾಬರೀಲಿ ಒಂದಷ್ಟು ಜಾಸ್ತಿ ಒತ್ಬಿಟ್ಟೆ."

ಬಸವರಾಜಪ್ಪನವರು ಹದಿನೈದು ಸಾವಿರವನ್ನು ಹೊಡೆದುಹಾಕಿ, ಕೊಟ್ಟಿಗೆಯ ದರವನ್ನೇ ಮತ್ತೆ ಬರೆದು ರುಜು ಮಾಡಿದರು. ಆಮೇಲೆ ಪಂಚಾಕ್ಷರಪ್ಪನ ಬೆನ್ನು ತಟ್ಟಿದರು. "ಸೆಕ್ರೆಟರಿ, ಎಷ್ಟೋ ದೇಶದ ಕಂದಾಯದ ಪುಸ್ತಕ ನೋಡಿದೀನಿ. ಪುಸ್ತಕದಲ್ಲಿ ಬರೆದದ್ದೂ ಎದುರಿಗೆ ಕಾಣೋದೂ ಇಷ್ಟು ಕರಾರುವಾಕ್ಕಾಗಿ ಒಂದೇ ಆಗಿರೋ ಆಸ್ತಿ ಎಲ್ಲೂ ನೋಡಿರಲಿಲ್ಲ!"

"ಹಾಗಾದ್ರೆ ಬಾಡಿಗೆ ಇಳೀಬೇಕಲ್ಲ?" ಪಂಚಾಕ್ಷರಪ್ಪ ಆಸೆಯಿಂದ ಕೇಳಿದ.

"ಹೆಂಗಪ್ಪಾ ಇಳೀತದೆ? ಮನೇಲಿ ಒಂದು ತಲೆ ಜಾಸ್ತಿ ಆಯ್ತಲ್ಲ," ಎಂದ ಶಿವಮೂರ್ತಪ್ಪ. ಖುಷಿಯ ಭರದಲ್ಲಿ ಸ್ವಲ್ಪ ಧಾರಾಳಿಯೂ ಆದ. "ಬೇಕಾದ್ರೆ ಎಮ್ಮೆ ಕಟ್ಟಕ್ಕೆ ನೆಲಕ್ಕೆ ಒಂದು ಗೂಟ ಬಡ್ಕೊಳ್ಳಿ. ಗೋಡೆಗೆ ಮಾತ್ರ ಮೊಳೆ ಹೊಡಿಯಂಗಿಲ್ಲ." ಹೀಗೆಂದು, ಹೋಗುವ ಮುನ್ನ ಗೌರಿಯ ಬೆನ್ನು ಸವರಲು ಹಿಂದಿನಿಂದ ಹೋದ. ಗೌರಿ ಹಳೆಯ ಯಜಮಾನನ ಮೊಣಕಾಲಿಗೆ ಕೊನೆಯ ರುಜು ಹಾಕಿದಳು.

ಅವನ ಕುಂಟು ಹೆಜ್ಜೆ ದೂರವಾದ ಮೇಲೆ ಪಂಚಾಕ್ಷರಪ್ಪ ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ನೆಲ ನೋಡುತ್ತಾ ನಿಂತ. ಮಲ್ಲಿಕಾಂಬಳಿಂದ ಬಂದದ್ದು ಬೈಗುಳವಲ್ಲ, ನಗು. ಮೊದಲು ಸಣ್ಣಗೆ, ಆಮೇಲೆ ಸೆರಗು ಬಾಯಿಗಿಟ್ಟರೂ ನಿಲ್ಲದ ನಗು. ನಗುತ್ತಲೇ ಅಕ್ಕಿ ಡಬ್ಬದ ಹತ್ತಿರ ಹೋಗಿ, ಬಗ್ಗಿ, ಕ್ಯಾಲೆಂಡರ್ ಎತ್ತಿಕೊಂಡಳು.

"ಮೊಳೆ ಯಾರಿಗೆ ಬೇಕು ಬಿಡ್ರೀ," ಎನ್ನುತ್ತಾ ಅದನ್ನು ಗೌರಿಯ ಬಲಗೊಂಬಿಗೆ ತೂಗುಹಾಕಿದಳು. "ಇನ್ನೊಂದು ಖಾಲಿ ಇದೆ. ನಿಮ್ಮ ಅಂಗಿ ಕೊಡಿ."